ಇತ್ರೋ ಮೊದಲು ಕೂತು ನೋಡಿದ: ಕೊಡಗಿನ ಒಂದು ಮಿಷನ್ ಶಾಲೆಯ ಪ್ರಕರಣ

ಸೆಪ್ಟೆಂಬರ್ ತಿಂಗಳ ಒಂದು ಶನಿವಾರ ಮಧ್ಯಾಹ್ನ 11 ಜನ ಶಿಕ್ಷಕರ ಮುಂದೆ ನಿಂತು ನಾನು ಸತ್ಯವೇದದ (ಬೈಬಲಿನ) ಯೆಹೋಶುವನ ಬಗ್ಗೆ ಮಾತಾಡಿದೆ. ಧೈರ್ಯವಾಗಿರು, ಹೆದರಬೇಡ, ನೀನು ಹೋದಲ್ಲೆಲ್ಲ ದೇವರು ನಿನ್ನ ಸಂಗಡ ಇರುತ್ತಾನೆ ಎನ್ನುವ ಆ ಮೊದಲನೇ ಅಧ್ಯಾಯ. ಮುಕ್ಕಾಲು ಗಂಟೆ ಮಾತಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಜಗುಲಿಯಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ವಿಜ್ಞಾನದ ಟೀಚರ್ ಹತ್ತಿರ ಬಂದರು. "ಚೆನ್ನಾಗಿತ್ತು ಮೇಡಂ. ಆದ್ರೆ ನಿಜ ಹೇಳ್ಬೇಕು ಅಂದ್ರೆ ನಂಗೆ ಇವತ್ತು ನಿದ್ದೆ ಬೇಕಿತ್ತು" ಎಂದರು. ಮಾತಲ್ಲಿ ಸಿಟ್ಟಿರಲಿಲ್ಲ. ಕಣ್ಣು ಕೆಂಪಾಗಿತ್ತು, ಅಷ್ಟೇ.

ವಾಪಸ್ ಬರುವಾಗ ಬಸ್ಸಿನಲ್ಲಿ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ನಾನು 30 ವರ್ಷ ಕ್ರೈಸ್ತ ಶಾಲೆಗಳಲ್ಲಿ ಪಾಠ ಮಾಡಿದವಳು. ನಿವೃತ್ತಿಯಾದ ಮೇಲೆ ಯಾರಾದರೂ ಕರೆದರೆ ಹೋಗಿ, ಸತ್ಯವೇದ ತೆರೆದು, ಶಿಕ್ಷಕರ ಜೊತೆ ಮಾತಾಡಿ ಬರುತ್ತೇನೆ. ಈ ಶಾಲೆಯ ಆಡಳಿತ ಮಂಡಳಿಯವರು ಕರೆದದ್ದೂ ಅದಕ್ಕೇ. ಇಬ್ಬರು ಶಿಕ್ಷಕಿಯರು ರಾಜೀನಾಮೆ ಪತ್ರ ಕೊಟ್ಟಿದ್ದರು. ಮುಖ್ಯ ಶಿಕ್ಷಕಿ ಸ್ಟಾಫ್ ಮೀಟಿಂಗ್‌ನಲ್ಲೇ ಅತ್ತುಬಿಟ್ಟಿದ್ದರು. "ಸ್ವಲ್ಪ ಉತ್ಸಾಹ ತುಂಬಿಸಿ ಮೇಡಂ" ಎಂದು ಫೋನಿನಲ್ಲಿ ಕೇಳಿಕೊಂಡರು. ನಾನು ಏನನ್ನೂ ನೋಡಲಿಲ್ಲ, ಯಾರನ್ನೂ ವಿಚಾರಿಸಲಿಲ್ಲ, ನೇರ ಹೋಗಿ ಭಾಷಣ ಮಾಡಿದೆ. ಅದು ನನ್ನ ತಪ್ಪು. ಆಮೇಲಿನ 10 ತಿಂಗಳಲ್ಲಿ ಏನೇನಾಯಿತು ಎಂದು ಇಲ್ಲಿ ಬರೆಯುತ್ತಿದ್ದೇನೆ. ಶಾಲೆಯ ಹೆಸರಾಗಲಿ ಅಲ್ಲಿನವರ ಹೆಸರಾಗಲಿ ಬೇಡ.

ಶಾಲೆ, ಊರು, ಮಳೆ

ಸಿದ್ದಾಪುರ, ಅಮ್ಮತ್ತಿ ಕಡೆಯ ಕಾಫಿ ತೋಟಗಳ ನಡುವಿನ ಒಂದು ಹಳೆಯ ಅನುದಾನಿತ ಶಾಲೆ. ಒಂದರಿಂದ ಹತ್ತನೇ ತರಗತಿವರೆಗೆ ಸುಮಾರು 180 ಮಕ್ಕಳು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ತೋಟದ ಲೈನ್ ಮನೆಗಳಿಂದ, ಅಂದರೆ ಕೂಲಿಯವರ ಸಾಲುಮನೆಗಳಿಂದ, ಬರುತ್ತಾರೆ. ಮನೆಯಲ್ಲಿ ಒಬ್ಬರದು ಮಲಯಾಳ, ಒಬ್ಬರದು ತಮಿಳು, ಇನ್ನೊಬ್ಬರದು ಯರವ ಭಾಷೆ. ಈಚೆಗೆ ಅಸ್ಸಾಮಿನಿಂದ ಬಂದ ಕುಟುಂಬಗಳ ಮಕ್ಕಳೂ ಇದ್ದಾರೆ. ಅನುದಾನದ ಹುದ್ದೆಗಳಲ್ಲಿ ಇದ್ದವರು ನಿವೃತ್ತಿಯಾದಂತೆ ಜಾಗ ಖಾಲಿಯೇ ಉಳಿದಿವೆ. ಹಾಗಾಗಿ 5 ಜನಕ್ಕೆ ಆಡಳಿತ ಮಂಡಳಿಯೇ ಸಂಬಳ ಕೊಡುತ್ತದೆ. ಸಂಬಳ ಕಡಿಮೆ, ಅದೂ ತಡ.

ಮಳೆಗಾಲದಲ್ಲಿ ಕೊಡಗಿನ ಶಾಲೆ ಹೇಗಿರುತ್ತದೆ ಎಂದು ಇಲ್ಲಿನವರಿಗೆ ಗೊತ್ತು. ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೋ ಇಲ್ಲವೋ ಎಂದು ರಾತ್ರಿಯೆಲ್ಲ ಫೋನ್ ನೋಡುತ್ತಾ ಕೂರಬೇಕು. ಕರೆಂಟ್ ಹೋದರೆ ಎರಡು ಮೂರು ದಿನ ಬರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದ ಮೇಲೆ, ಮಳೆ ಜೋರಾದರೆ ಸಾಕು, ತಂದೆತಾಯಿ ಶಾಲೆಗೆ ಫೋನ್ ಮಾಡುತ್ತಾರೆ. ಅದು ತಪ್ಪಲ್ಲ. ಆದರೆ ಆ ಫೋನ್ ಯಾರಾದರೂ ಎತ್ತಬೇಕಲ್ವಾ? ಮಳೆ ರಜೆಗಳಿಗೆ ಬದಲಾಗಿ ಮುಂದೆ ಶನಿವಾರಗಳಲ್ಲಿ ಪೂರ್ತಿ ದಿನ ಕ್ಲಾಸ್ ಇರುತ್ತದೆ. ನಾನು ಭಾಷಣ ಮಾಡಿದ್ದು ಅಂಥ ಒಂದು ಶನಿವಾರ, ಪಾಠ ಮುಗಿದ ಮೇಲೆ.

ಈ ಶಾಲೆಯಲ್ಲಿ ಇನ್ನೊಂದು ಅಭ್ಯಾಸವಿತ್ತು. ಯಾರಾದರೂ ಸುಸ್ತಾಗಿದೆ ಎಂದರೆ ಹಿರಿಯರೊಬ್ಬರು ಮಿಷನರಿಗಳ ಕಥೆ ಎತ್ತುತ್ತಿದ್ದರು. 1853ರಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕೊಡಗಿಗೆ ಬಂದದ್ದು, ಇಲ್ಲೇ ಹತ್ತಿರದ ಆನಂದಪುರದಲ್ಲಿ ಕ್ರೈಸ್ತರಿಗಾಗಿ ಊರು ಕಟ್ಟಿದ್ದು, ಆಮೇಲೆ ರಿಕ್ಟರ್ ಮಡಿಕೇರಿಯ ಸರ್ಕಾರಿ ಶಾಲೆ ನಡೆಸಿದ್ದು. "ಅವ್ರು ಎಷ್ಟು ಕಷ್ಟಪಟ್ರು, ನಮ್ದೇನು?" ಎಂದ ಮೇಲೆ ಯಾರೂ ಮಾತಾಡುತ್ತಿರಲಿಲ್ಲ. ಆ ಮಿಷನರಿಗಳ ಬಗ್ಗೆ ನನಗೆ ತುಂಬಾ ಗೌರವವಿದೆ. ಆದರೆ ಮೋಗ್ಲಿಂಗ್ ಅವರ ಜೊತೆ ವೈಗಲ್ ಅವರಂಥ ಸಂಗಡಿಗರು ಕೆಲಸ ಮಾಡಿದ್ದರು. 1860ರಲ್ಲಿ ಮೋಗ್ಲಿಂಗ್ ಜರ್ಮನಿಗೆ ಹೋದರು, ಮತ್ತೆ ಬರಲಿಲ್ಲ. ಅವರು ಬಿಟ್ಟುಹೋದ ಕೆಲಸವನ್ನು ಬೇರೆಯವರು ಮುಂದುವರಿಸಿದರು. ಕಥೆ ಹೇಳುವವರು ಈ ಭಾಗ ಹೇಳುತ್ತಿರಲಿಲ್ಲ.

ಒಂದು ದಿನ ಸುಮ್ನೆ ಕೂತು ನೋಡಿದ್ದು

ಎರಡು ವಾರ ಬಿಟ್ಟು ಮುಖ್ಯ ಶಿಕ್ಷಕಿಗೆ ಫೋನ್ ಮಾಡಿದೆ. "ಭಾಷಣ ಮಾಡಲ್ಲ. ಒಂದು ದಿನ ನಿಮ್ಮ ಆಫೀಸಿನ ಮೂಲೆಯಲ್ಲಿ ಕೂತಿರ್ತೀನಿ, ಆಗುತ್ತಾ?" ಎಂದು ಕೇಳಿದೆ. ಅವರಿಗೆ ಸ್ವಲ್ಪ ಮುಜುಗರವಾಯಿತು. ಬನ್ನಿ ಎಂದರು.

ಈ ಯೋಚನೆ ನನಗೆ ಬಂದದ್ದು ವಿಮೋಚನಕಾಂಡದ 18ನೇ ಅಧ್ಯಾಯದಿಂದ. ಇಸ್ರಾಯೇಲ್ ಜನರನ್ನು ನಡೆಸುತ್ತಿದ್ದ ಮೋಶೆಯ ಮಾವ ಇತ್ರೋ ಮಿದ್ಯಾನಿನಿಂದ ಮಗಳನ್ನೂ ಮೊಮ್ಮಕ್ಕಳನ್ನೂ ಕರೆದುಕೊಂಡು ಅರಣ್ಯಕ್ಕೆ ಬರುತ್ತಾನೆ. ಮೊದಲು ಕ್ಷೇಮ ಸಮಾಚಾರ ಕೇಳುತ್ತಾನೆ. ನಡೆದದ್ದನ್ನೆಲ್ಲ ಕೇಳಿ ಸಂತೋಷಪಡುತ್ತಾನೆ. ಹಿರಿಯರ ಜೊತೆ ಊಟ ಮಾಡುತ್ತಾನೆ. ಮಾರನೇ ದಿನ ಮೋಶೆ ನ್ಯಾಯ ತೀರಿಸಲು ಕೂರುತ್ತಾನೆ, ಜನ ಬೆಳಿಗ್ಗೆಯಿಂದ ಸಂಜೆವರೆಗೆ ನಿಂತೇ ಇರುತ್ತಾರೆ. ಇತ್ರೋ ಅದನ್ನೆಲ್ಲ ನೋಡುತ್ತಾನೆ. ಆಮೇಲೆಯೇ ಬಾಯಿ ಬಿಡುವುದು. ನೀನು ಮಾಡುವುದು ಒಳ್ಳೆಯದಲ್ಲ, ನೀನೂ ಬಳಲುತ್ತೀ, ನಿನ್ನ ಜನವೂ ಬಳಲುತ್ತದೆ, ಈ ಕೆಲಸ ನಿನಗೆ ಬಹಳ ಭಾರ ಎನ್ನುತ್ತಾನೆ. ಎಷ್ಟೋ ಸಲ ಓದಿದ ಅಧ್ಯಾಯವೇ. ಆದರೆ ಮಾತಿಗೆ ಮುಂಚೆ ನೋಟ ಇತ್ತು ಎಂಬುದು ಆ ಬಸ್ಸಿನಲ್ಲೇ ನನಗೆ ಮೊದಲ ಸಲ ಹೊಳೆದದ್ದು.

ಬೆಳಿಗ್ಗೆ 7:30ಕ್ಕೆ ಹೋದೆ. ಮುಖ್ಯ ಶಿಕ್ಷಕಿ ಆಗಲೇ ಗೇಟು ತೆಗೆದು ಆಟೋ ಡ್ರೈವರ್ ಜೊತೆ ಫೋನಿನಲ್ಲಿದ್ದರು. ದಾರಿಯಲ್ಲಿ ಆನೆ ಇದೆಯಂತೆ, ಆಟೋ ತಡವಾಗುತ್ತದಂತೆ. ಆಮೇಲೆ ಹಾಲಿನ ಪುಡಿಯ ಲೆಕ್ಕ. ಬಿಸಿಯೂಟಕ್ಕೆ ಇವತ್ತು ಎಷ್ಟು ಮಕ್ಕಳು ಎಂದು ಅಡುಗೆಯ ಅಮ್ಮ ಕೇಳಲು ಬಂದರು. ಬೆರಳು ಕುಯ್ದುಕೊಂಡ ಹುಡುಗ ಬಂದ. ಟಿ.ಸಿ. ಬೇಕು ಎಂದು ಒಬ್ಬ ತಂದೆ ಕೂಲಿ ಬಿಟ್ಟು ಬಂದು ಬಾಗಿಲಲ್ಲಿ ನಿಂತ. ಮಧ್ಯಾಹ್ನ 3 ಗಂಟೆಯೊಳಗೆ ಮಾಹಿತಿ ಕಳಿಸಿ ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಮೆಸೇಜ್ ಬಂತು. ಆಫೀಸಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಹಿಂದಿನ ಸಿಲ್ವರ್ ಓಕ್ ಮರದ ಹತ್ತಿರ ಹೋಗಿ ಕೈ ಎತ್ತಿ ಹಿಡಿದರೆ ಮಾತ್ರ ಸಿಗುತ್ತದೆ. ಅವರು ಕೊಡೆ ಹಿಡಿದುಕೊಂಡು ಅಲ್ಲಿಗೆ 4 ಸಲ ಹೋದರು. 7ನೇ ತರಗತಿಯ ಗಣಿತ ಅವರದೇ ಪೀರಿಯಡ್. ಆವತ್ತು 10 ನಿಮಿಷ ಮಾತ್ರ ಕ್ಲಾಸಿನಲ್ಲಿದ್ದರು. ಮಕ್ಕಳ ವಿವರ ಕಂಪ್ಯೂಟರಿಗೆ ಏರಿಸುವ ಕೆಲಸ ರಾತ್ರಿ ಮನೆಯಲ್ಲಿ.

ಯಾರಾದರೂ ಬಾಗಿಲಿಗೆ ಬಂದಾಗಲೆಲ್ಲ ನಾನು ನೋಟ್‌ಬುಕ್ಕಿನಲ್ಲಿ ಒಂದು ಗೀಟು ಹಾಕುತ್ತಾ ಹೋದೆ. ಸಂಜೆ ಎಣಿಸಿದರೆ 43 ಗೀಟು. ಇಬ್ಬರೂ ಚಹಾ ಕುಡಿಯುತ್ತಾ ಒಂದೊಂದನ್ನೇ ನೆನಪು ಮಾಡಿಕೊಂಡೆವು. ಮುಖ್ಯ ಶಿಕ್ಷಕಿಯೇ ಬೇಕಾಗಿದ್ದದ್ದು 6 ಸಲ. ಅವರು ಬಹಳ ಹೊತ್ತು ಆ ಪುಟ ನೋಡಿದರು. "ನಾನೇ ಮಾಡಿದ್ರೆ ಬೇಗ ಆಗುತ್ತೆ ಮೇಡಂ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಮಿಷನ್ ಶಾಲೆ ಅಂದ್ರೆ ಸೇವೆ ಅಲ್ವಾ? ಸುಸ್ತಾಯ್ತು ಅಂತ ಹೇಗೆ ಹೇಳೋದು?" ಎಂದರು.

ಕೆಲಸಕ್ಕಿಂತ ಹೆಚ್ಚಾಗಿ ಅವರನ್ನು ಬಗ್ಗಿಸಿದ್ದು ಈ ಎರಡನೇ ಮಾತು. ಸುಸ್ತು ಹೇಳಿಕೊಂಡರೆ ನಂಬಿಕೆ ಕಡಿಮೆ ಎಂದು ತಿಳಿಯುತ್ತಾರೆ ಎಂಬ ಭಯ ನಮ್ಮ ಶಾಲೆಗಳಲ್ಲಿ ತುಂಬಾ ಜನಕ್ಕಿದೆ. ನನಗೂ ಇತ್ತು. ಆವತ್ತೇ ಅವರ ಜೊತೆ ಕೂತು ಎಲೀಯನ ಕಥೆ ಓದಿದೆ, ಒಂದನೆಯ ಅರಸುಗಳು 19ನೇ ಅಧ್ಯಾಯ. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಜಯ ಕಂಡ ಪ್ರವಾದಿ ರಾಣಿ ಈಜೆಬೆಲಳಿಗೆ ಹೆದರಿ ಓಡಿಹೋಗುತ್ತಾನೆ. ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಎನ್ನುತ್ತಾನೆ. ದೇವರು ಬೈಯುವುದಿಲ್ಲ. ಅವನು ಮಲಗುತ್ತಾನೆ. ದೇವದೂತ ತಟ್ಟಿ ಎಬ್ಬಿಸಿ, ಕೆಂಡದಲ್ಲಿ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಡುತ್ತಾನೆ. ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೇ ಸಲ ಎಬ್ಬಿಸಿ, ಏಳು, ತಿನ್ನು, ದಾರಿ ನಿನ್ನ ಶಕ್ತಿಗೆ ಮೀರಿದ್ದು ಎನ್ನುತ್ತಾನೆ. ಇಲ್ಲಿ ಏನು ಮಾಡುತ್ತಿದ್ದೀ ಎಂದು ದೇವರು ಕೇಳುವುದು ಇದೆಲ್ಲ ಆಗಿ, 40 ದಿನದ ನಡಿಗೆಯೂ ಮುಗಿದ ಮೇಲೆ, ಹೋರೇಬ್ ಬೆಟ್ಟದಲ್ಲಿ. ವಿಜ್ಞಾನದ ಟೀಚರ್ ಜಗುಲಿಯಲ್ಲಿ ಹೇಳಿದ್ದು ಇದೇ ಅಧ್ಯಾಯ. ನಾನು ಮಾತ್ರ ಬೇರೆ ಪುಟ ತೆರೆದಿದ್ದೆ.

ಹಂಚಿಕೊಂಡದ್ದು

ಅಕ್ಟೋಬರ್‌ನಲ್ಲಿ ಎರಡು ಸಲ ಎಲ್ಲ ಶಿಕ್ಷಕರೂ ಸೇರಿದರು. ಶನಿವಾರ ಬೇಡ ಎಂದು ನಾನೇ ಹೇಳಿದೆ. ವಾರದ ಮಧ್ಯೆ ಒಂದು ದಿನ, ಕೊನೆಯ ಎರಡು ಪೀರಿಯಡ್. ಆ ಹೊತ್ತು ಸಭಾಪಾಲಕರೂ ಆಡಳಿತ ಮಂಡಳಿಯ ಇಬ್ಬರೂ ಮಕ್ಕಳನ್ನು ಆಟಕ್ಕೆ ಬಿಟ್ಟು ನೋಡಿಕೊಂಡರು.

11 ಜನರಲ್ಲಿ 4 ಜನ ಕ್ರೈಸ್ತರಲ್ಲ. ಅವರಿಗೆ ಇದು ಬೇರೆಯವರ ಮಾತು ಅನಿಸಬಾರದು ಎಂಬ ಅಳುಕು ನನಗಿತ್ತು. ಇತ್ರೋ ಇಸ್ರಾಯೇಲಿನವನಲ್ಲ, ಮಿದ್ಯಾನಿನ ಯಾಜಕ, ಹೊರಗಿನವನು ಎಂದು ಓದಿದಾಗ ಕನ್ನಡ ಮೇಷ್ಟ್ರು ನಕ್ಕರು. ಅವರು ಕೊಡವರು, ಶಾಲೆಗೆ ಎಲ್ಲರಿಗಿಂತ ಹಳಬರು. "ನಮ್ಮ ಐನ್‌ಮನೇಲೂ, ಅಂದ್ರೆ ಮನೆತನದ ಮೂಲ ಮನೇಲೂ, ಹಂಗೇ. ಪಟ್ಟೆದಾರ ಅಂತ ಒಬ್ರು ಹಿರಿಯರು ಇರ್ತಾರೆ. ಆದ್ರೆ ಒಕ್ಕದ (ಮನೆತನದ) ಕೆಲಸ ಎಲ್ಲಾ ಅವ್ರೊಬ್ರೇ ಮಾಡೋದಿಲ್ಲ. ಹಬ್ಬಕ್ಕೆ ಒಬ್ಬೊಬ್ರಿಗೆ ಒಂದೊಂದು" ಎಂದರು. ಆ ಮಾತಿಂದ ಕೋಣೆಯ ಬಿಗಿ ಸಡಿಲವಾಯಿತು. ಅಡುಗೆಯ ಅಮ್ಮನನ್ನೂ ಕರೆಯೋಣ ಎಂದವರು ಅವರೇ.

43 ಗೀಟಿನ ಪುಟವನ್ನು ಬೋರ್ಡಿನ ಮೇಲೆ ಬರೆದೆವು. ಇತ್ರೋ ಹೇಳಿದಂತೆ ಚಿಕ್ಕ ವಿಷಯ ಯಾವುದು, ಕಷ್ಟದ್ದು ಯಾವುದು ಎಂದು ಬೇರೆ ಮಾಡಿದೆವು. ಊಟದ ಲೆಕ್ಕ ಕ್ಲಾಸ್ ಟೀಚರಿಂದ ನೇರ ಅಡುಗೆಮನೆಗೆ. ಗಾಯ, ಜ್ವರಕ್ಕೆ ಪಿ.ಟಿ. ಸಾರ್. ಮಳೆ ರಜೆಯ ಮೆಸೇಜು ಮತ್ತು ಆಟೋಗಳ ಹೊಣೆ ಕನ್ನಡ ಮೇಷ್ಟ್ರದು. ಟಿ.ಸಿ.ಗೆ ಬರುವವರಿಗೆ ವಾರದಲ್ಲಿ ಎರಡು ದಿನ, ಹೊತ್ತು ಗೊತ್ತು ಮಾಡಿ, ಲೈನ್ ಮನೆಗಳಿಗೆ ಮೊದಲೇ ತಿಳಿಸುವುದು. ಆಗ ಒಂದು ದಿನದ ಕೂಲಿ ಸುಮ್ನೆ ಹೋಗುವುದಿಲ್ಲ. ಬಾಗಿಲಲ್ಲಿ ನಿಂತು ಕಾಯುವವರೂ ಬಳಲುತ್ತಾರೆ ಎಂಬ ಇತ್ರೋನ ಮಾತು ಇಲ್ಲಿ ನೆನಪಾದದ್ದು ಗಣಿತದ ಟೀಚರಿಗೆ. ಒಬ್ಬೊಬ್ಬ ಶಿಕ್ಷಕರಿಗೆ ಹದಿನಾರು ಹದಿನೇಳು ಮಕ್ಕಳು. ಆ ಮಕ್ಕಳ ಮನೆ, ಕಾಯಿಲೆ, ಗೈರುಹಾಜರಿ ಎಲ್ಲವೂ ಮೊದಲು ಅವರಿಗೆ ಗೊತ್ತಾಗಬೇಕು.

ಇಷ್ಟು ಮಾಡಿ ಆಡಳಿತ ಮಂಡಳಿಯವರನ್ನು ಬಿಟ್ಟಿದ್ದರೆ ಅನ್ಯಾಯವಾಗುತ್ತಿತ್ತು. ಕೆಲಸ ಹಂಚುವುದು ಸುಲಭ, ಸಂಬಳದ ಮಾತು ಕಷ್ಟ. ಅವರ ಜೊತೆ ಬೇರೆಯಾಗಿ ಕೂತು ನೆಹೆಮೀಯ 5ನೇ ಅಧ್ಯಾಯ ಓದಿದೆ. ನೆಹೆಮೀಯ ಮುಂದೆ ನಿಂತು ಮಾಡಿಸುತ್ತಿದ್ದ ಯೆರೂಸಲೇಮಿನ ಗೋಡೆ ಕಟ್ಟುವ ಕೆಲಸದ ನಡುವೆಯೇ ಬಡವರು ಗೋಳಾಡುತ್ತಾರೆ. ಹೊಲ ಅಡವಾಗಿದೆ, ಮಕ್ಕಳು ದಾಸರಾಗುತ್ತಿದ್ದಾರೆ. ನೆಹೆಮೀಯ ಸಾಲ ಕೊಟ್ಟ ಶ್ರೀಮಂತರನ್ನು ಎಲ್ಲರ ಮುಂದೆ ಗದರಿಸಿ, ತೆಗೆದುಕೊಂಡದ್ದನ್ನು ವಾಪಸ್ ಕೊಡಿಸುತ್ತಾನೆ. ತಾನು 12 ವರ್ಷ ಅಧಿಪತಿಯಾಗಿದ್ದರೂ ಅಧಿಪತಿಗೆ ಸಲ್ಲುವ ಆಹಾರದ ಭತ್ಯೆ ಮುಟ್ಟಲಿಲ್ಲ. ಜನರ ಮೇಲೆ ಮೊದಲೇ ಭಾರ ಜಾಸ್ತಿ ಇತ್ತು, ಅದಕ್ಕೇ ಎಂದು ಕಾರಣವನ್ನೂ ಹೇಳುತ್ತಾನೆ. ಧರ್ಮೋಪದೇಶಕಾಂಡದ 24ರಲ್ಲಿ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮುಂಚೆ ಕೊಡಬೇಕು ಎಂದಿದೆ. ಕಾಫಿ ತೋಟದ ಊರಿನಲ್ಲಿ ಈ ವಾಕ್ಯಕ್ಕೆ ಅರ್ಥ ಹೇಳಬೇಕಾಗಿಲ್ಲ. ಮಂಡಳಿಯ ಹಿರಿಯರೊಬ್ಬರು ತಲೆ ತಗ್ಗಿಸಿ, "ನಮ್ಮ ತೋಟದಲ್ಲಿ ಶನಿವಾರ ತಪ್ಪಿಸದೆ ಬಟವಾಡೆ ಮಾಡ್ತೀನಿ. ಟೀಚರ್‌ಗಳಿಗೆ ಎರಡು ತಿಂಗಳು ಬಾಕಿ" ಎಂದರು. ಸಂಬಳ ಹೆಚ್ಚು ಮಾಡಲು ದುಡ್ಡಿರಲಿಲ್ಲ. ಬಾಕಿ ತೀರಿತು. ನವೆಂಬರ್‌ನಿಂದ ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಸಂಬಳ ಬಂತು. ವಿಜ್ಞಾನದ ಟೀಚರ್ ರಾಜೀನಾಮೆ ಪತ್ರ ವಾಪಸ್ ಪಡೆದರು. ಇಂಗ್ಲಿಷ್ ಟೀಚರ್ ಪಡೆಯಲಿಲ್ಲ. ವರ್ಷಾಂತ್ಯದವರೆಗೆ ಇರುತ್ತೇನೆ ಎಂದರು.

ಡಿಸೆಂಬರ್‌ನಲ್ಲಿ ಕಾಫಿ ಕೊಯ್ಲು ಶುರುವಾದಾಗ, ಎಂದಿನ ಹಾಗೆ, ಲೈನ್ ಮನೆ ಮಕ್ಕಳು ಬರುವುದು ಕಡಿಮೆಯಾಯಿತು. ಅಪ್ಪ ಅಮ್ಮ ಇಬ್ಬರೂ ಕೊಯ್ಲಿಗೆ ಹೋದರೆ ಚಿಕ್ಕ ಮಗುವನ್ನು ದೊಡ್ಡ ಮಗು ನೋಡಿಕೊಳ್ಳಬೇಕು. ಆಗ ಶಿಕ್ಷಕರು ನೆಹೆಮೀಯನ 3ನೇ ಅಧ್ಯಾಯ ಓದಿದರು. ಬರೀ ಹೆಸರುಗಳ ಪಟ್ಟಿ ಎಂದು ನಾವು ದಾಟಿಸಿಬಿಡುವ ಅಧ್ಯಾಯ. ಅಕ್ಕಸಾಲಿಗ, ಸುಗಂಧ ಮಾಡುವವನು, ಯಾಜಕ, ಶಲ್ಲೂಮ ಮತ್ತು ಅವನ ಹೆಣ್ಣುಮಕ್ಕಳು, ಒಬ್ಬೊಬ್ಬರೂ ಗೋಡೆಯ ಒಂದೊಂದು ಪಾಲು ಕಟ್ಟಿದರು. ಎಷ್ಟೋ ಜನ ತಮ್ಮ ತಮ್ಮ ಮನೆಯ ಎದುರಿನ ಭಾಗವನ್ನೇ. ಶಿಕ್ಷಕರೂ ಹಾಗೆಯೇ ಮಾಡಿದರು. ಮನೆಗೆ ಹೋಗುವ ದಾರಿಯಲ್ಲಿ ಸಿಗುವ ಲೈನಿಗೆ ಮಾತ್ರ ಒಬ್ಬೊಬ್ಬರು ಹೋಗಿ ಮಾತಾಡಿದರು. ತಮ್ಮನನ್ನೋ ತಂಗಿಯನ್ನೋ ಜೊತೆಗೆ ಕರೆತಂದರೂ ಸರಿ, ಒಂದನೇ ಕ್ಲಾಸಿನ ಮೂಲೆಯಲ್ಲಿ ಕೂರಿಸೋಣ ಎಂದು ಒಪ್ಪಿಕೊಂಡರು. ಕೆಲವರು ಬಂದರು. ಅಸ್ಸಾಮಿನ ಎರಡು ಕುಟುಂಬ ಬೇರೆ ತೋಟಕ್ಕೆ ಹೋಗಿಬಿಟ್ಟಿತ್ತು, ಆ ಮಕ್ಕಳು ಸಿಗಲಿಲ್ಲ.

ಜನವರಿಯಲ್ಲಿ ಮತ್ತೆ ಅಲ್ಲಿಗೇ

ಇಲ್ಲಿಗೆ ನಿಲ್ಲಿಸಿದರೆ ಪ್ರಕರಣ ಚೆನ್ನಾಗಿ ಕಾಣುತ್ತದೆ. ಆದರೆ ನಡೆದದ್ದು ಹಾಗಲ್ಲ.

ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ದಿನ ಬೆಳಿಗ್ಗೆ ರಸ್ತೆಗೆ ಆನೆ ಹಿಂಡು ಬಂತು. ಎರಡು ಆಟೋ ದಾರಿಯಲ್ಲೇ ನಿಂತವು. ಮುಖ್ಯ ಶಿಕ್ಷಕಿ ವಿರಾಜಪೇಟೆಯಲ್ಲಿ ಮೀಟಿಂಗ್‌ನಲ್ಲಿದ್ದರು, ಫೋನ್ ಸಿಗಲಿಲ್ಲ. ಕನ್ನಡ ಮೇಷ್ಟ್ರು ಒಂದು ಗಂಟೆ ತಡವಾಗಿ ಪರೀಕ್ಷೆ ಶುರು ಮಾಡಿಸಿದರು. ಮಕ್ಕಳೆಲ್ಲ ಬಂದರು, ಎಲ್ಲರೂ ಬರೆದರು. ಸಂಜೆ ವಾಪಸ್ ಬಂದ ಮುಖ್ಯ ಶಿಕ್ಷಕಿ, "ನನ್ನ ಕೇಳದೆ ಯಾಕೆ ಮಾಡಿದ್ರಿ?" ಎಂದು ಎಲ್ಲರ ಮುಂದೆ ಅವರಿಗೆ ಜೋರು ಮಾಡಿದರು. ಮಾರನೇ ದಿನದಿಂದ ಮೇಷ್ಟ್ರು ಪ್ರತಿಯೊಂದಕ್ಕೂ ಬಾಗಿಲಿಗೆ ಬಂದು ಕೇಳತೊಡಗಿದರು. ಅವರನ್ನು ನೋಡಿ ಉಳಿದವರೂ ಬರತೊಡಗಿದರು. ವಾರದೊಳಗೆ ಬಾಗಿಲ ಮುಂದಿನ ಸಾಲು ಹಿಂದಿನಷ್ಟೇ ಉದ್ದವಾಗಿತ್ತು. "ನೀವು ಹೇಳಿದ್ದೆಲ್ಲ ಮಾಡಿದ್ವಿ ಮೇಡಂ. ಮತ್ತೆ ಅಲ್ಲಿಗೇ ಬಂದ್ವಿ" ಎಂದು ಮುಖ್ಯ ಶಿಕ್ಷಕಿ ಫೋನಿನಲ್ಲಿ ಅತ್ತರು.

ಮೋಶೆಗೂ ಹೀಗೇ ಆಯಿತು. ಇದನ್ನು ನಾವು ಶಿಕ್ಷಕರ ಶಿಬಿರಗಳಲ್ಲಿ ಹೇಳುವುದೇ ಇಲ್ಲ. ಇತ್ರೋ ಏರ್ಪಾಟು ಮಾಡಿಸಿ ಊರಿಗೆ ಹೋದ. ಅರಣ್ಯಕಾಂಡದ 11ನೇ ಅಧ್ಯಾಯಕ್ಕೆ ಬಂದರೆ ಮೋಶೆ ಮತ್ತೆ ಅದೇ ಮಾತು ಆಡುತ್ತಾನೆ. ಈ ಜನರನ್ನೆಲ್ಲ ನಾನೊಬ್ಬನೇ ಹೊರಲಾರೆ, ಇವರನ್ನು ನಾನೇ ಹೆತ್ತೆನೋ, ಕೂಸನ್ನು ಎತ್ತಿಕೊಂಡ ಹಾಗೆ ಇವರನ್ನು ಎತ್ತಿಕೊಂಡು ಹೋಗಬೇಕೋ, ಇದಕ್ಕಿಂತ ನನ್ನನ್ನು ಕೊಂದುಬಿಡು ಎನ್ನುತ್ತಾನೆ. ಈ ಸಲ ದೇವರು 70 ಮಂದಿ ಹಿರಿಯರನ್ನು ಕರೆಸುತ್ತಾನೆ. ಮೋಶೆಯ ಮೇಲಿದ್ದ ಆತ್ಮವನ್ನೇ ಅವರ ಮೇಲೂ ಇಡುತ್ತಾನೆ. ಎಲ್ದಾದ್, ಮೇದಾದ್ ಎಂಬ ಇಬ್ಬರು ಗುಡಾರದ ಹತ್ತಿರ ಬರದೆ ಪಾಳೆಯದಲ್ಲೇ ಉಳಿದಿದ್ದರು. ಅಲ್ಲೇ ಪ್ರವಾದಿಸಲು, ಅಂದರೆ ದೇವರ ಮಾತು ನುಡಿಯಲು, ಶುರು ಮಾಡಿದರು. ಆಗ ಒಬ್ಬನಿಗೆ ಕಸಿವಿಸಿಯಾಯಿತು. ಅವರನ್ನು ತಡೆಯಬೇಕು ಸ್ವಾಮಿ ಎಂದ. ಅವನು ಯೆಹೋಶುವ, ನನ್ನ ಮೊದಲ ಭಾಷಣದ ಅದೇ ಯೆಹೋಶುವ, ಆಗಿನ್ನೂ ಮೋಶೆಯ ಕೈಕೆಳಗಿನವನು. ನನ್ನ ಸಲುವಾಗಿ ನಿನಗೆ ಹೊಟ್ಟೆಕಿಚ್ಚೋ, ಯೆಹೋವನ ಜನರೆಲ್ಲ ಪ್ರವಾದಿಗಳಾದರೆ ಎಷ್ಟು ಚೆನ್ನ ಎಂದು ಮೋಶೆ ಉತ್ತರ ಕೊಟ್ಟ.

ಇದನ್ನು ಮುಖ್ಯ ಶಿಕ್ಷಕಿಯ ಜೊತೆ ಅವರ ಮನೆಯಲ್ಲಿ ಕೂತು ಓದಿದೆ. ಹೊರಗೆ ಕಣದಲ್ಲಿ ಕಾಫಿ ಒಣಗುತ್ತಿತ್ತು. ನಾನು ಏನೂ ಅರ್ಥ ಹೇಳಲಿಲ್ಲ. ಅವರೇ ಹೇಳಿದರು: "ಕೆಲಸ ಕೊಟ್ಟಿದ್ದೆ ಮೇಡಂ, ನಂಬಿಕೆ ಕೊಟ್ಟಿರ್ಲಿಲ್ಲ." ಅಕ್ಟೋಬರ್‌ನಲ್ಲಿ ನಾವೆಲ್ಲ ಸೇರಿ ಬೋರ್ಡಿನ ಮೇಲೆ ಹಂಚಿದ್ದು ಕೆಲಸಗಳನ್ನು ಮಾತ್ರ. ತೀರ್ಮಾನ ತೆಗೆದುಕೊಳ್ಳುವವರು ಯಾರು ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಅವರು ಕನ್ನಡ ಮೇಷ್ಟ್ರಲ್ಲಿ ಕ್ಷಮೆ ಕೇಳಿದರು. ಎಲ್ಲರ ಮುಂದೆ ಬೈದದ್ದು, ಎಲ್ಲರ ಮುಂದೆಯೇ ಕೇಳಿದರು. ಮೇಷ್ಟ್ರು, "ಅದೆಲ್ಲಾ ಇರ್ಲಿ ಬಿಡಿ ಟೀಚರ್" ಎಂದಷ್ಟೇ ಹೇಳಿ ಕನ್ನಡಕ ಒರೆಸಿಕೊಂಡರು ಎಂದು ವಿಜ್ಞಾನದ ಟೀಚರ್ ನನಗೆ ಹೇಳಿದರು. ಆಮೇಲೆ ಬೋರ್ಡಿನ ಹಂಚಿಕೆಯನ್ನು ಇನ್ನೊಮ್ಮೆ ತೆಗೆದು, ಒಂದೊಂದು ಸಾಲಿನ ಪಕ್ಕ, ಇದರಲ್ಲಿ ಕೇಳಬೇಕಾಗಿಲ್ಲ, ಮಾಡಿ ಆಮೇಲೆ ತಿಳಿಸಿದರೆ ಸಾಕು ಎಂದು ಬರೆದರು. ಪರೀಕ್ಷೆಯ ಹೊತ್ತು ಬದಲಿಸುವುದಕ್ಕೆ ಮಾತ್ರ ಇಬ್ಬರು ಸೇರಿ ತೀರ್ಮಾನಿಸಬೇಕು ಎಂದಾಯಿತು. ಆ ತಿದ್ದುಪಡಿ ಸೇರಿಸಿದ್ದು ಮೇಷ್ಟ್ರೇ.

ಏಪ್ರಿಲ್‌ನಲ್ಲಿ ಇಂಗ್ಲಿಷ್ ಟೀಚರ್ ಹೋದರು. ಮೈಸೂರಿನಲ್ಲಿ ಸಂಬಳ ಎರಡರಷ್ಟು, ಮನೆಯಲ್ಲಿ ಕಾಯಿಲೆಯ ತಾಯಿ. ಹೋಗುವವರನ್ನು ಸೇವೆ ಬಿಟ್ಟವರು ಎಂದು ನೋಡುವ ಅಭ್ಯಾಸವೂ ನಮ್ಮಲ್ಲಿದೆ. ಈ ಸಲ ಹಾಗಾಗಲಿಲ್ಲ. ಮಕ್ಕಳು ಕಾಫಿ ಹೂವಿನ ಚಿತ್ರ ಬರೆದುಕೊಟ್ಟರು, ಸಭಾಪಾಲಕರು ಪ್ರಾರ್ಥನೆ ಮಾಡಿದರು, ಅಡುಗೆಯ ಅಮ್ಮ ಕಡಂಬುಟ್ಟು ಮಾಡಿ ತಂದರು. ಅವರ ಜಾಗಕ್ಕೆ ಹೊಸಬರು ಸಿಗಲು ಜೂನ್ ಕೊನೆಯಾಯಿತು. ಅಲ್ಲಿಯವರೆಗೆ ಆ ಪೀರಿಯಡ್‌ಗಳನ್ನು ಮೂವರು ಹಂಚಿಕೊಂಡರು. ಅದು ಭಾರವೇ ಆಗಿತ್ತು.

ಜುಲೈನಲ್ಲಿ ನಾನು ಹೇಳದೆ ಕೇಳದೆ ಹೋದೆ. ಎರಡು ದಿನ ಮಳೆ ರಜೆ ಮುಗಿದು ಶಾಲೆ ಆವತ್ತಷ್ಟೇ ತೆರೆದಿತ್ತು. ಜಗುಲಿ ತುಂಬಾ ಒದ್ದೆ ಕೊಡೆಗಳು. ಆಫೀಸಿನ ಬಾಗಿಲು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ಅಡುಗೆಯ ಅಮ್ಮ ಹಾಲಿನ ಪಾತ್ರೆ ಹಿಡಿದುಕೊಂಡು ಬಂದವರು ನನ್ನನ್ನು ನೋಡಿ ನಿಂತರು.

"ಟೀಚರ್ ಏಳನೇ ಕ್ಲಾಸಲ್ಲಿ ಲೆಕ್ಕ ಮಾಡಿಸ್ತಿದ್ದಾರೆ ಅಮ್ಮ. ಬೆಲ್ ಆಗೋವರೆಗೆ ಬರಲ್ಲ. ಕೂತ್ಕೊಳ್ಳಿ, ಕಾಫಿ ತರ್ತೀನಿ."